ಹೆದರಿಕೆ ಎಲ್ಲಿರಬೇಕು?

ದೆವ್ವದ ಸಿನಿಮಾ ಎಂದರೆ ಮೂಗು ಮುರಿಯುವವರು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ. ನಾನು ಅವರ ಪಕ್ಷದವಳಲ್ಲ. ಆದರೆ ಬರಿಯ ಕತ್ತಲೆ, ಕಿರುಗುಟ್ಟುವ ಬಾಗಿಲು, ನರಿಯ ಕೂಗು ತೋರಿಸಿದರೆ ಸಂಸೆಯವರು ಹೆದರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಅವೆಲ್ಲ ನಮಗೆ ಮನೆಯಲ್ಲೇ ಸಿಗುತ್ತವೆ. ನಮ್ಮವರೇ ನಮಗೆ ಅಪರಿಚಿತರಾಗುವುದು ನಿಜವಾದ ಭಯ.

1979ರ ‘ನಾ ನಿನ್ನ ಬಿಡಲಾರೆ’ ಚಿತ್ರದ ಬಲ ಇದೇ. ಅನಂತನಾಗ್ ಅವರ ಸೌಮ್ಯ ಮುಖ ಕಣ್ಣೆದುರೇ ಬೇರೆಯಾಗುತ್ತದೆ. ಲಕ್ಷ್ಮಿಯವರ ದಿಗಿಲು ನಮ್ಮದಾಗುತ್ತದೆ. ಅಲ್ಲಿ ದೆವ್ವ ನಿಜ, ಬಿಡಿಸುವುದು ಭಕ್ತಿ.

ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕಥೆಯನ್ನು ಕನ್ನಡಕ್ಕೆ ತಂದ ‘ಆಪ್ತಮಿತ್ರ’ (2004) ಬೇರೆ ದಾರಿ ಹಿಡಿಯಿತು. ಸೌಂದರ್ಯ ಅಭಿನಯಿಸಿದ ಗಂಗಾಳನ್ನು ಕಾಡುವುದು ನಾಗವಲ್ಲಿಯ ಪ್ರೇತವಲ್ಲ, ಮನಸ್ಸಿನ ಕಾಯಿಲೆ. ವಿಷ್ಣುವರ್ಧನ್ ಅವರ ಡಾಕ್ಟರ್ ಅದನ್ನು ಗುರುತಿಸುತ್ತಾರೆ.

ಕೊನೆಗೆ ಆಚಾರ್ಯರು, ಮಂಡಲ, ಬೊಂಬೆ ಎಲ್ಲ ಬಂದವಲ್ಲ, ಇದೆಂಥ ವೈದ್ಯ ಎಂದು ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಆಕ್ಷೇಪ ಸರಿಯೇ; ಹಾಸ್ಯವೂ ಅಲ್ಲಲ್ಲಿ ಅತಿಯಾಯಿತು. ಆದರೂ ಗಂಗಾಳನ್ನು ಯಾರೂ ಹೊಡೆಯುವುದಿಲ್ಲ, ಮನೆಯಿಂದ ಅಟ್ಟುವುದಿಲ್ಲ. ಅವಳು ರೋಗಿ, ಗುಣವಾಗಬೇಕಾದವಳು.

ಹೆಣ್ಣುಮಕ್ಕಳಿಗೆ ಪಾಠ ಹೇಳುವ ನನಗೆ ಇದು ಸಣ್ಣ ಮಾತಲ್ಲ. ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಬಿದ್ದರೆ, ಅರ್ಥವಾಗದ ಮಾತಾಡಿದರೆ, ‘ಮೈಮೇಲೆ ಬಂದಿದೆ’ ಎಂದು ತಾಯಿತ ಹುಡುಕುವವರು ಇಂದಿಗೂ ಇದ್ದಾರೆ. ಹೆದರಲು ಮೊದಲ ಚಿತ್ರ ನೋಡಿ. ಹೆದರಿದ ಮೇಲೆ ಏನು ಮಾಡಬೇಕೆಂದು ಯೋಚಿಸಲು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಎರಡನೆಯದನ್ನು ನೋಡಿ.