ಯಂತ್ರದ ಕೈಯೂ ಮುಪ್ಪಿನ ಮೈಯೂ

ಯಂತ್ರಗಳನ್ನು ಕುರಿತ ಪುಸ್ತಕವೊಂದನ್ನು ಓದುತ್ತ, ತೀರಿಹೋದ ತಾಯಿಯ ನೆನಪಾದೀತೆಂದು ನಾನು ಎಣಿಸಿರಲಿಲ್ಲ. ಜೇಮ್ಸ್ ರೈಟ್ ಅವರು ಇಂಗ್ಲಿಷಿನಲ್ಲಿ ಬರೆದು ೨೦೨೩ರಲ್ಲಿ ಪ್ರಕಟವಾದ ಈ ಗ್ರಂಥದ ಹೆಸರಿಗೆ ‘ಯಂತ್ರಮಾನವರು ಜಪಾನನ್ನು ಉಳಿಸಲಾರರು’ ಎಂದು ಅರ್ಥ. ಹೆಸರಿನಲ್ಲಿಯೇ ತೀರ್ಪಿದೆ, ಆದರೂ ಗ್ರಂಥಕರ್ತರು ತೀರ್ಪಿಗೆ ಅವಸರಪಡುವವರಲ್ಲ. ಜಪಾನಿನ ವೃದ್ಧಾಶ್ರಮವೊಂದರಲ್ಲಿ ತಿಂಗಳುಗಟ್ಟಲೆ ಇದ್ದು, ಮೂರು ಯಂತ್ರಗಳ ಪಾಡನ್ನು ಕಣ್ಣಾರೆ ಕಂಡು ಬರೆದಿದ್ದಾರೆ.

ಮೊದಲನೆಯದು ‘ಹಗ್’. ವೃದ್ಧರನ್ನು ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸುವುದು ಅದರ ಕೆಲಸ. ಇದರಿಂದ ಆರೈಕೆಯವರ ಬೆನ್ನುನೋವು ತಪ್ಪಬೇಕಿತ್ತು. ಆದರೆ ಕೋಣೆಯಿಂದ ಕೋಣೆಗೆ ಅದನ್ನು ತಳ್ಳಿಕೊಂಡು ಹೋಗುವುದೇ ದೊಡ್ಡ ಕೆಲಸವಾಯಿತು. ಅದರ ತೆಕ್ಕೆಗೆ ಸುಖವಾಗಿ ಒಗ್ಗಿದ ಮೈಗಳೂ ಕೆಲವೇ. ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟರು. ಎರಡನೆಯದು ‘ಪಾರೋ’, ಸೀಲ್ ಮರಿಯ ರೂಪದ ಬಿಳಿಯ ಗೊಂಬೆ. ಇದಕ್ಕೆ ಹೆಚ್ಚು ಮೆಚ್ಚುಗೆ ದೊರೆಯಿತು. ಆದರೆ ಒಬ್ಬಾಕೆ ಅದಿಲ್ಲದೆ ಊಟ ಮಾಡಳು, ಮಲಗಳು; ಇನ್ನೊಬ್ಬರು ಅದರ ತುಪ್ಪಳನ್ನೇ ಸುಲಿಯಹೊರಟರು. ಕಡೆಗೆ ಗೊಂಬೆಯ ಮೇಲೂ ಕಣ್ಣಿಡಬೇಕಾಯಿತು. ಮೂರನೆಯ ‘ಪೆಪ್ಪರ್’ ಮಧ್ಯಾಹ್ನದ ವ್ಯಾಯಾಮದ ಉಪಾಧ್ಯಾಯ. ಪಕ್ಕದಲ್ಲಿ ಮನುಷ್ಯರೊಬ್ಬರು ನಿಂತು ಅದೇ ವ್ಯಾಯಾಮವನ್ನು ಮಾಡಿ ತೋರಿಸದೆ ಅದರ ಪಾಠ ಸಾಗಲಿಲ್ಲ. ಹೀಗೆ, ಆರೈಕೆಗೆಂದು ಬಂದ ಯಂತ್ರಗಳಿಗೇ ಆರೈಕೆ ಬೇಕಾಯಿತೆಂಬುದು ಗ್ರಂಥದ ಸಾರ.

ಇದನ್ನು ಓದಿ ಜಪಾನಿನವರನ್ನು ನೋಡಿ ನಗಲು ನನಗೆ ಮನಸ್ಸಾಗಲಿಲ್ಲ. ನನ್ನ ತಾಯಿಗೆ ೮೨ ತುಂಬಿದಾಗ ನಾನೂ ಒಂದು ಯಂತ್ರ ತಂದಿದ್ದೆ: ಬಿದ್ದರೆ ಒತ್ತಲು, ಕೊರಳಿಗೆ ಹಾಕಿಕೊಳ್ಳುವ ಕರೆಗಂಟೆ. ಒಂದು ರಾತ್ರಿ ಬಚ್ಚಲ ಹೊಸ್ತಿಲಲ್ಲಿ ಬಿದ್ದಳು, ಗಂಟೆ ಒತ್ತಲಿಲ್ಲ. “ನಿನ್ನ ನಿದ್ದೆ ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ” ಎಂದಳು. ಆ ಗಂಟೆಯನ್ನು ನಾನು ತಂದದ್ದು ನನ್ನ ನೆಮ್ಮದಿಗಾಗಿ. ಆಕೆಗೆ ಬೇಕಾಗಿದ್ದುದು ಹೊಸ್ತಿಲ ಬಳಿ ಹಿಡಿದುಕೊಳ್ಳಲು ಒಂದು ಸರಳು. ಅದನ್ನು ನಾನು ಕೇಳಿರಲೇ ಇಲ್ಲ.

ಗ್ರಂಥದ ಬಗೆಗೆ ನನ್ನ ಆಕ್ಷೇಪವೂ ಇದೇ ಬಗೆಯದು. ಆರೈಕೆ ಮಾಡುವವರ ಮಾತು ಇಲ್ಲಿ ಕೇಳಿಸಿದಷ್ಟು ಸ್ಪಷ್ಟವಾಗಿ ಆರೈಕೆ ಪಡೆಯುವವರ ಮಾತು ಕೇಳಿಸದು. ಆಶ್ರಮದಲ್ಲಿ ಯಂತ್ರ ಮೂಲೆ ಸೇರಿದರೂ ಎತ್ತಲು ಜನರಿದ್ದಾರೆ. ಮನೆಯಲ್ಲಿ ಒಂಟಿಯಾಗಿರುವ ದುರ್ಬಲರಿಗೆ ಆ ಭಾಗ್ಯವೆಲ್ಲಿ? ಕೆಳಗೆ ಬಿದ್ದ ಕನ್ನಡಕವನ್ನು ಎತ್ತಿಕೊಡುವ ಯಂತ್ರದ ಕೈ ಅವರ ಪಾಲಿಗೆ ಅಲ್ಪ ಉಪಕಾರವಲ್ಲ. ಬಚ್ಚಲಿಗೆ ಹೋಗಲು ಮಗನನ್ನು ಕರೆಯಲು ನಾಚುವ ತಾಯಿ ಯಂತ್ರವನ್ನು ಕರೆಯಲು ಅಷ್ಟು ನಾಚಲಿಕ್ಕಿಲ್ಲ. ಆದ್ದರಿಂದ ಯಂತ್ರವೇ ಬೇಡವೆಂದು ನಾನು ಹೇಳಲಾರೆ.

ಅಂಗಿ ಹೊಲಿಯುವ ದರ್ಜಿ ಕೂಡ ಮೊದಲು ಮೈಯಳತೆ ತೆಗೆದುಕೊಳ್ಳುತ್ತಾನೆ. ಯಂತ್ರ ಕಟ್ಟುವವರೂ ಅದನ್ನು ಕೊಂಡು ತರುವ ಮಕ್ಕಳೂ ಅಷ್ಟನ್ನಾದರೂ ಮಾಡಬೇಕು. ಮನೆಯಲ್ಲಿ ಹಿರಿಯರಿರುವ ವಾಚಕರು ಈ ಗ್ರಂಥವನ್ನು ಓದಲಿ. ಓದುವುದಕ್ಕೆ ಮೊದಲು ಅವರನ್ನೊಮ್ಮೆ ಕೇಳಲಿ.