ಅಪ್ಪೆಮಿಡಿಗೆ ಸಿಹಿಯ ಪರೀಕ್ಷೆ

ಮಲಗೋವಾ, ರಸಪುರಿ, ಅಪ್ಪೆಮಿಡಿ ಮೂರೂ ಮಾವನ್ನು ಒಂದೇ ತಟ್ಟೆಯಲ್ಲಿಟ್ಟು ನೂರಕ್ಕೆ ಇಷ್ಟೆಂದು ಅಂಕ ಹಾಕಿ ಎಂದರೆ ಮಲೆನಾಡಿನವರು ಒಪ್ಪಲಾರರು. ಸಿಹಿಯೇ ಅಳತೆಗೋಲಾದರೆ ಅಪ್ಪೆಮಿಡಿ ಮೊದಲ ಸುತ್ತಿನಲ್ಲೇ ಸೋಲುತ್ತದೆ. ಉಪ್ಪಿನಕಾಯಿ ಜಾಡಿಯಲ್ಲಿ ವರ್ಷ ಕಳೆದರೂ ಘಮ ಬಿಡದ ಅದರ ಗುಣ ಆ ಅಳತೆಗೆ ಸಿಗುವುದೇ ಇಲ್ಲ. ವೈನ್ ಲೋಕ ಮಾತ್ರ ದಶಕಗಳಿಂದ ಇಂಥದೇ ಅಳತೆಯನ್ನು ನೆಚ್ಚಿಕೊಂಡಿದೆ. ಅಮೆರಿಕದ ವಕೀಲ ರಾಬರ್ಟ್ ಪಾರ್ಕರ್ 1978ರಲ್ಲಿ ಆರಂಭಿಸಿದ ‘ದಿ ವೈನ್ ಅಡ್ವೊಕೇಟ್’ ಪತ್ರಿಕೆ ನೂರು ಅಂಕಗಳ ಪದ್ಧತಿಯನ್ನು ಮನೆಮಾತಾಗಿಸಿತು. ಪ್ರತಿ ವೈನಿಗೂ 50 ಅಂಕ ಮೊದಲೇ ಸಂದಿರುತ್ತದೆ. ಬಣ್ಣಕ್ಕೆ 5, ಪರಿಮಳಕ್ಕೆ 15, ರುಚಿಗೂ ಕುಡಿದ ಮೇಲೆ ನಾಲಿಗೆಯಲ್ಲಿ ಉಳಿಯುವ ಸ್ವಾದಕ್ಕೂ ಸೇರಿ 20, ಒಟ್ಟು ಗುಣಮಟ್ಟ ಅಥವಾ ಮುಂದೆ ಇನ್ನಷ್ಟು ಮಾಗುವ ಸಾಮರ್ಥ್ಯಕ್ಕೆ 10. ಅಂಕ ಹಾಕಲಿ, ತಪ್ಪಿಲ್ಲ. ಆದರೆ ಬೇರೆ ಬೇರೆ ಸೀಮೆಯ, ಬೇರೆ ಬೇರೆ ಕೆಲಸಕ್ಕೆ ಹುಟ್ಟಿದ ವೈನುಗಳನ್ನು ಒಂದೇ ಏಣಿಯ ಮೇಲೆ ನಿಲ್ಲಿಸಿದರೆ ಅಂಕ ಸುಳ್ಳಾಡತೊಡಗುತ್ತದೆ.

ಫ್ರಾನ್ಸಿನಲ್ಲಿ ಲುವಾರ್ ನದಿ ಸಮುದ್ರ ಸೇರುವ ಕಡೆ ಮಾಡುವ ಮಸ್ಕಡೆಯನ್ನೇ ನೋಡಿ. ಹುದುಗು ಮುಗಿಸಿ ತಳಕ್ಕಿಳಿದ ಯೀಸ್ಟಿನ ಗಸಿಯ ಮೇಲೆಯೇ ಅದನ್ನು ಚಳಿಗಾಲ ಪೂರ್ತಿ ಇಡುತ್ತಾರೆ. ತೆಳುವಾದ ಮೈ, ನಿಂಬೆಯಂಥ ಹುಳಿ, ನಾಲಿಗೆಯ ತುದಿಯಲ್ಲಿ ಉಪ್ಪಿನ ನೆನಪು. ಪರಿಮಳ ಸಂಕೋಚದ್ದು, ಬಹುಪಾಲು ಸೀಸೆಗಳು ಬೇಗ ಕುಡಿದು ಮುಗಿಸಲೆಂದೇ ಇರುವಂಥವು. ಹಾಗಾಗಿ ಮೇಲಿನ ಪಟ್ಟಿಯಲ್ಲಿ ಎರಡು ಕಡೆ ಅದು ಅಂಕ ಕಳೆದುಕೊಳ್ಳುತ್ತದೆ. ಆದರೆ ಸಿಂಪಿಯ ಪಕ್ಕದಲ್ಲಿ ಅದಕ್ಕೆ ಸಮನಾದದ್ದು ಅಪರೂಪ. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಕ್ಯಾಬಿನೆಟ್ ನನ್ನ ಮಟ್ಟಿಗೆ ಇನ್ನೂ ದೊಡ್ಡ ಸಾಧನೆ. ಬಳ್ಳಿ ಹಣ್ಣು ಮಾಗಿಸಲು ಹೆಣಗಾಡುವ ಉತ್ತರದ ಚಳಿ, ನಿಂತು ಕೆಲಸ ಮಾಡುವುದೇ ಕಷ್ಟವಾದ ಕಡಿದಾದ ಇಳಿಜಾರು, ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಡುವ ಸ್ಲೇಟ್ ಕಲ್ಲು: ಇಷ್ಟರಿಂದ ಬರುವುದು ಸುಮಾರು ಶೇಕಡಾ 8–9 ಮದ್ಯಾಂಶದ ಹಗುರ ವೈನ್. ಉಳಿದ ಸಿಹಿಯನ್ನು ತೀಕ್ಷ್ಣ ಹುಳಿ ಎತ್ತಿ ಹಿಡಿಯುತ್ತದೆ. ಒಂದು ತಪ್ಪಿದರೆ ಇನ್ನೊಂದು ಅಸಹನೀಯ. ಇದನ್ನು ಶೇಕಡಾ 14 ದಾಟಿದ ಆಸ್ಟ್ರೇಲಿಯಾದ ಬರೋಸಾ ಶಿರಾಜ್ ಆದಮೇಲೆ ರುಚಿ ನೋಡಿದರೆ ನೀರೆನ್ನಿಸುತ್ತದೆ. ತಮಟೆ ನಿಂತೊಡನೆ ವೀಣೆ ಕೇಳಿದಂತೆ. ವೀಣೆಯ ತಪ್ಪೇನೂ ಇಲ್ಲ.

ಗಮೇ ದ್ರಾಕ್ಷಿಯ ಕತೆ ಈ ವಾದಕ್ಕೆ ಇನ್ನೂ ಗಟ್ಟಿ ಸಾಕ್ಷಿ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಅದನ್ನು ನಂಬಿಕೆಗೆ ಅರ್ಹವಲ್ಲದ ಕೆಟ್ಟ ತಳಿಯೆಂದು ಜರಿದು ಬಳ್ಳಿಗಳನ್ನು ಕಿತ್ತುಹಾಕಲು ಆಜ್ಞೆ ಹೊರಡಿಸಿದ. ಅದೇ ತಳಿ ದಕ್ಷಿಣಕ್ಕೆ, ಬೋಜೊಲೆಯ ಗುಡ್ಡಗಳಲ್ಲಿ ಮೊರ್ಗೊನಿನಂಥ ವೈನ್ ಕೊಡುತ್ತದೆ: ಚೆರ್ರಿಯ ತಾಜಾತನ, ಒಗರು ಕಡಿಮೆ, ಒಳ್ಳೆಯ ವರ್ಷದ್ದಾದರೆ ಮಾಗುವ ತಾಕತ್ತೂ ಇದೆ. ಮಣ್ಣು ಬದಲಾದಾಗ ತೀರ್ಪೂ ತಲೆಕೆಳಗಾಯಿತು.

ರುಚಿ ಅವರವರದಾದರೆ ಕೆಟ್ಟ ವೈನನ್ನು ಕೆಟ್ಟದ್ದೆನ್ನುವುದು ಹೇಗೆ ಎಂಬ ಪ್ರಶ್ನೆ ಬರುತ್ತದೆ. ಬಿರಡೆಯ ಸೋಂಕಿನಿಂದ ಒದ್ದೆ ರಟ್ಟಿನ ವಾಸನೆ, ವಿನೆಗರಿನ ಘಾಟು, ಗಾಳಿ ತಗುಲಿ ಸತ್ತ ಹಣ್ಣಿನ ರುಚಿ ಯಾವ ಸೀಮೆಯಲ್ಲೂ ದೋಷವೇ. ಒಂದು ಸೀಮೆಯೊಳಗೆ, ಒಂದು ತಳಿಯೊಳಗೆ ಮೇಲುಕೀಳು ಹೇಳುವುದೂ ಸಾಧ್ಯ, ಹೇಳಲೇಬೇಕು. ಆದರೆ 91ಕ್ಕೂ 93ಕ್ಕೂ ನಡುವಿನ ಅಂತರ ನಿಜವೇ? ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ರಾಬರ್ಟ್ ಹಾಜ್‌ಸನ್ ಎಂಬವರು ತೀರ್ಪುಗಾರರಿಗೆ ಒಂದೇ ಸೀಸೆಯ ವೈನನ್ನು, ಗೊತ್ತಾಗದಂತೆ, ಮೂರು ಸಲ ಕೊಡಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಮ್ಮ ಅಂಕವನ್ನು ಒಂದೇ ಪದಕದ ವ್ಯಾಪ್ತಿಯೊಳಗೆ ಉಳಿಸಿಕೊಂಡವರು ಸುಮಾರು ಹತ್ತರಲ್ಲಿ ಒಬ್ಬರು. ತರಬೇತಿ ಪಡೆದ ನಾಲಿಗೆಯೇ ಹೀಗಾದರೆ ಅಂಕದ ನಿಖರತೆ ತೋರಿಕೆಯದ್ದು.

ಪಾರ್ಕರರ ಪರವಾಗಿ ಹೇಳಬೇಕಾದ್ದೂ ಇದೆ, ಅದು ಸಣ್ಣದಲ್ಲ. ಫ್ರಾನ್ಸಿನ ಬೋರ್ಡೊ ವೈನುಗಳಿಗೆ 1855ರಲ್ಲಿ ಕೊಟ್ಟ ಶ್ರೇಣಿಯ ಹೆಸರಿನ ಭಾರಕ್ಕೆ ತಲೆಬಾಗುತ್ತಿದ್ದ ಮಾರುಕಟ್ಟೆಯಲ್ಲಿ, ಮಾರುವವರ ಹಂಗಿಲ್ಲದೆ ಸೀಸೆಯೊಳಗಿನದ್ದನ್ನು ನೋಡಿ ಹೇಳಿದವರು ಅವರು. ಲೇಬಲ್ ಓದಲು ಬಾರದ ಕೊಳ್ಳುವವರಿಗೆ ಅಂಕ ಕೈಹಿಡಿಯಿತು. ಆದರೆ ಆ ಪತ್ರಿಕೆಯಲ್ಲಿ ಅಂಕದ ಜೊತೆ ಟಿಪ್ಪಣಿಯೂ ಇರುತ್ತಿತ್ತು. ಅಂಗಡಿಯ ಕಪಾಟಿಗೆ ಬರುವಷ್ಟರಲ್ಲಿ ಟಿಪ್ಪಣಿ ಉದುರಿ ಅಂಕವಷ್ಟೇ ಉಳಿಯಿತು. ಕೊಳ್ಳುವವರಿಗೆ ಬೇಕಾದ್ದು ಆ ಉದುರಿದ ಭಾಗವೇ: ಎಷ್ಟು ಹುಳಿ, ಎಷ್ಟು ಸಿಹಿ, ಎಷ್ಟು ಒಗರು, ಯಾವ ಊಟಕ್ಕೆ, ಎಷ್ಟು ದಿನದೊಳಗೆ.

ಇದು ನಮ್ಮ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಗಳಿಗೂ ತಟ್ಟುವ ಮಾತು. ಇಲ್ಲಿ ಕಡು ಚಳಿ ಬಾರದ ಕಾರಣ ಬಳ್ಳಿ ನಿದ್ರಿಸುವುದಿಲ್ಲ. ಮಳೆ ಮುಗಿದ ಮೇಲೆ ಚಾಟನಿ ಮಾಡಿ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಕೊಯ್ಯುತ್ತಾರೆ. ಇಂಥ ತೋಟದ ಕೆಂಪು ಕ್ಯಾಬರ್ನೆಯನ್ನು ಓಕ್ ಪೀಪಾಯಿಯಲ್ಲಿಟ್ಟು ಬೋರ್ಡೊವಿನಂತೆ ಕಾಣಿಸಲು ಹೊರಟಾಗ ಮರದ ವಾಸನೆ ಮುಂದೆ, ಹಣ್ಣು ಹಿಂದೆ ನಿಲ್ಲುವ ಅಪಾಯವಿದೆ. ಅದೇ ಸೀಮೆಯ ಬಿಳಿ ಸೋವಿನ್ಯೋ ಬ್ಲಾಂಕ್, ಹಸಿ ಹುಲ್ಲಿನ ಘಮ, ಚುರುಕು ಹುಳಿಯೊಂದಿಗೆ, ಚೆನ್ನಾಗಿ ತಣಿಸಿದರೆ ಕೊತ್ತಂಬರಿ, ಹಸಿಮೆಣಸು, ನಿಂಬೆ ಬಿದ್ದ ನಮ್ಮ ಮೀನಿನ ಊಟಕ್ಕೆ ಒಗ್ಗುತ್ತದೆ. ಅಂಕ ಹಾಕುವವರು ಈ ಎರಡರಲ್ಲಿ ಕೆಂಪಿನ ಕಡೆ ವಾಲಬಹುದು. ನನ್ನ ಆಯ್ಕೆ ಬಿಳಿಯದು.