‘ಮುಖ್ಯವಾಗಿ ಕಡಿಮೆ ಆದಾಯದವರಿಗೆ’: ಅಮೆರಿಕದ ಅನುದಾನ ಕಾಯ್ದೆಯ ಎರಡು ವಾಕ್ಯಗಳಿಗೆ ವ್ಯಾಖ್ಯಾನ

1974ರ ಆಗಸ್ಟ್ 22ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ವಸತಿ ಮತ್ತು ಸಮುದಾಯ ಅಭಿವೃದ್ಧಿ ಕಾಯ್ದೆಗೆ ಸಹಿ ಹಾಕಿದರು. ಅವರು ಅಧಿಕಾರಕ್ಕೆ ಬಂದು ಆಗಿನ್ನೂ ಎರಡು ವಾರ ತುಂಬಿರಲಿಲ್ಲ. ಆ ಕಾಯ್ದೆಯಿಂದ ಹುಟ್ಟಿದ್ದು ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರ್ಯಾಂಟ್. ನಗರಸಭೆಗಳಲ್ಲಿ ಕೆಲಸ ಮಾಡುವವರ ಬಾಯಲ್ಲಿ ಅದು ‘ಸಿಡಿಬಿಜಿ’. ಈಚಿನ ವರ್ಷಗಳಲ್ಲಿ ಇದರಡಿ ವರ್ಷಕ್ಕೆ ಸುಮಾರು 330 ಕೋಟಿ ಡಾಲರ್ ಊರುಗಳಿಗೆ ಹಂಚಿಕೆಯಾಗಿದೆ. ಈ ದುಡ್ಡು ಯಾತಕ್ಕೆ ಎಂದು ಕಾಯ್ದೆ ಹೇಳುವುದು ಒಂದೇ ಒಂದು ಉದ್ದನೆಯ ವಾಕ್ಯದಲ್ಲಿ. ಅದರ ಬೆನ್ನಿಗೇ ಪ್ರಮಾಣ ಹೇಳುವ ಇನ್ನೊಂದು ವಾಕ್ಯವಿದೆ. ಎರಡನ್ನೂ ಬಿಡಿಸಿ ಓದಿದರೆ ದುಡ್ಡು ಯಾರ ಬೀದಿಗೆ ಹೋಗುತ್ತದೆ, ಯಾರ ಬೀದಿಯನ್ನು ಬಿಟ್ಟುಹೋಗುತ್ತದೆ ಎಂಬುದು ತಿಳಿಯುತ್ತದೆ.

“ಈ ಕಾಯ್ದೆಯ ಮತ್ತು ಅನುದಾನ ಪಡೆಯುವ ಪ್ರತಿಯೊಬ್ಬರ ಸಮುದಾಯ ಅಭಿವೃದ್ಧಿ ಕಾರ್ಯಕ್ರಮದ ಮೂಲ ಉದ್ದೇಶವೆಂದರೆ…”

ಅನುದಾನ ಪಡೆಯುವವರು ಎಂದರೆ 50,000ಕ್ಕಿಂತ ಹೆಚ್ಚು ಜನರಿರುವ ಊರುಗಳು, ಮಹಾನಗರ ಪ್ರದೇಶಗಳ ಮುಖ್ಯ ನಗರಗಳು, ಎರಡು ಲಕ್ಷ ಮೀರಿದ ನಗರ ಕೌಂಟಿಗಳು. ಇವುಗಳಿಗೆ ಹಣ ನೇರವಾಗಿ ಬರುತ್ತದೆ; ಒಟ್ಟು ಮೊತ್ತದ ನೂರರಲ್ಲಿ 70 ಭಾಗ ಇವರದು. ಉಳಿದ 30 ಭಾಗ ರಾಜ್ಯಗಳ ಕೈಗೆ. ಸಣ್ಣ ಊರುಗಳು ರಾಜ್ಯಕ್ಕೆ ಅರ್ಜಿ ಹಾಕಿ, ಒಂದರೊಡನೊಂದು ಪೈಪೋಟಿ ನಡೆಸಿ ಪಡೆಯಬೇಕು.

1974ಕ್ಕೆ ಮೊದಲು ಹೀಗಿರಲಿಲ್ಲ. ನಗರ ನವೀಕರಣಕ್ಕೊಂದು, ಕುಡಿಯುವ ನೀರು ಮತ್ತು ಒಳಚರಂಡಿಗೊಂದು, ಬಯಲು ಜಾಗಗಳಿಗೊಂದು ಯೋಜನೆ. ಪ್ರತಿಯೊಂದಕ್ಕೂ ವಾಷಿಂಗ್ಟನ್ನಿನ ಒಪ್ಪಿಗೆ ಬೇಕು. ಆ ಒಪ್ಪಿಗೆ ಪಡೆದೇ ಬಾಸ್ಟನ್ ತನ್ನ ವೆಸ್ಟ್ ಎಂಡ್ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ನೆಲಸಮ ಮಾಡಿತು. ಅಲ್ಲಿದ್ದ ಸಾವಿರಾರು ಕುಟುಂಬಗಳು ಚದುರಿಹೋದವು. ಇಂಥ ಯೋಜನೆಗಳನ್ನೆಲ್ಲ ಒಂದೇ ಗಂಟಿಗೆ ಕಟ್ಟಿ, ತೀರ್ಮಾನವನ್ನು ಊರಿಗೇ ಬಿಟ್ಟದ್ದು ಈ ಕಾಯ್ದೆ. ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ತಿದ್ದುಪಡಿ. ಆದರೆ ತೀರ್ಮಾನ ಊರಿಗೆ ಬಂದಾಗ ಊರಿನ ಪ್ರಬಲರ ಕೈಗೂ ಬಂತು. ಮುಂದಿನ ಮಾತುಗಳನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಬೇಕು.

“…ಬಾಳಿಕೆಯುಳ್ಳ ನಗರ ಸಮುದಾಯಗಳನ್ನು ಬೆಳೆಸುವುದು…”

ಯಾವ ಊರಿಗೆ ಎಷ್ಟು ಎಂಬುದನ್ನು ಸೂತ್ರ ನಿರ್ಧರಿಸುತ್ತದೆ, ರಾಜಕಾರಣಿಯಲ್ಲ. ಮೊದಲ ಸೂತ್ರದಲ್ಲಿ ಬಡತನ, ಜನಸಂಖ್ಯೆ, ಇಕ್ಕಟ್ಟಿನ ಮನೆಗಳು ಲೆಕ್ಕಕ್ಕೆ ಬರುತ್ತಿದ್ದವು. ಇದರಿಂದ ಜನ ಬಿಟ್ಟುಹೋಗುತ್ತಿದ್ದ ಹಳೆಯ ಕೈಗಾರಿಕಾ ಊರುಗಳಿಗೆ ನಷ್ಟವಾಗುತ್ತದೆಂದು 1977ರಲ್ಲಿ ಎರಡನೆಯ ಸೂತ್ರ ಸೇರಿತು. 1940ಕ್ಕೆ ಮೊದಲು ಕಟ್ಟಿದ ಮನೆಗಳಿಗೆ ಅದರಲ್ಲಿ ಅರ್ಧದಷ್ಟು ತೂಕ. ಎರಡರಲ್ಲಿ ಯಾವುದು ಹೆಚ್ಚು ಕೊಡುತ್ತದೋ ಅದು ಊರಿಗೆ ಅನ್ವಯ.

“…ಯೋಗ್ಯ ವಸತಿ…”

ಹೊಸ ಮನೆ ಕಟ್ಟಲು ಈ ದುಡ್ಡನ್ನು ಸಾಮಾನ್ಯವಾಗಿ ಬಳಸುವಂತಿಲ್ಲ. ಜಾಗ ಕೊಳ್ಳಬಹುದು, ಪೈಪು ಹಾಕಬಹುದು. ಗೋಡೆ ಎಬ್ಬಿಸಲು 1990ರ ಕಾಯ್ದೆಯಿಂದ ಬಂದ ‘ಹೋಮ್’ ಎಂಬ ಬೇರೆ ಅನುದಾನವಿದೆ. ಸಿಡಿಬಿಜಿಯ ನಿಜವಾದ ವಸತಿ ಕೆಲಸ ಹಳೆ ಮನೆ ರಿಪೇರಿ.

ಒಬ್ಬ ಅಜ್ಜಿಯ ಮನೆಯ ಸೂರು ಸೋರುತ್ತಿದೆ ಎನ್ನಿ. ಆಕೆ ನಗರಸಭೆಗೆ ಅರ್ಜಿ ಕೊಡುತ್ತಾಳೆ. ಪಿಂಚಣಿ ಚೀಟಿ, ಬ್ಯಾಂಕ್ ಲೆಕ್ಕ, ಮನೆಯ ಹಕ್ಕುಪತ್ರ ತೋರಿಸಬೇಕು. ಮನೆ 1978ಕ್ಕಿಂತ ಹಿಂದಿನದಾದರೆ ಗೋಡೆ, ಕಿಟಕಿಗಳ ಬಣ್ಣದಲ್ಲಿ ಸೀಸವಿದೆಯೇ ಎಂಬ ಪ್ರಶ್ನೆ ಏಳುತ್ತದೆ. ರಿಪೇರಿಗೆ ಕೊಡುವ ನೆರವು 25,000 ಡಾಲರ್ ಮೀರಿದರೆ ಸೀಸದ ಅಪಾಯವನ್ನು ಪೂರ್ತಿ ನಿವಾರಿಸಲೇಬೇಕು. ಆ ಖರ್ಚೇ ಸೂರಿನ ಖರ್ಚನ್ನು ಮೀರಬಹುದು. ಪರಿಸರ ಪರಿಶೀಲನೆ ಮುಗಿಯದೆ ಹಣ ಬಿಡುವಂತಿಲ್ಲ. ಆಮೇಲೆ ಗುತ್ತಿಗೆದಾರರಿಂದ ದರಪಟ್ಟಿ. ಅನೇಕ ಊರುಗಳು ಈ ನೆರವನ್ನು ದಾನವಾಗಿ ಕೊಡದೆ ಮನೆಯ ಮೇಲೆ ಸಾಲವೆಂದು ಬರೆಸಿಕೊಳ್ಳುತ್ತವೆ. ಕಂತಿಲ್ಲ, ಇಷ್ಟು ವರ್ಷ ಅಲ್ಲೇ ವಾಸವಿದ್ದರೆ ಸಾಲ ಮನ್ನಾ. ಇದರಲ್ಲಿ ಯಾವ ನಿಯಮವೂ ಅನಗತ್ಯವಲ್ಲ. ಸೀಸ ಮಕ್ಕಳ ಮೆದುಳಿಗೆ ವಿಷ. ಆದರೂ ಅಷ್ಟೂ ಕಾಗದಗಳ ನಡುವೆ ಮಳೆಗಾಲವೊಂದು ಕಳೆದುಹೋದರೆ ಆ ಅಜ್ಜಿಗೆ ಬಕೆಟ್ ಇಡುವುದು ತಪ್ಪಲಿಲ್ಲ. ಇಲ್ಲಿ ಬೇಕಾದದ್ದು ನಿಯಮ ಸಡಿಲಿಸುವುದಲ್ಲ, ಅರ್ಜಿ ಹಿಡಿದು ಓಡಾಡಿಕೊಡುವ ಸಿಬ್ಬಂದಿ. ಆಡಳಿತ ಮತ್ತು ಯೋಜನಾ ವೆಚ್ಚಕ್ಕೆ 20 ಭಾಗದವರೆಗೆ ಅವಕಾಶವೂ ಇದೆ.

“…ಮತ್ತು ಯೋಗ್ಯ ವಾಸದ ಪರಿಸರವನ್ನು ಒದಗಿಸಿ…”

ಬೀದಿ, ಫುಟ್‌ಪಾತ್, ಒಳಚರಂಡಿ, ಉದ್ಯಾನ, ಹಿರಿಯರ ಕೇಂದ್ರ ಎಲ್ಲವೂ ಈ ಮಾತಿನೊಳಗೆ ಬರುತ್ತವೆ. ಬೀದಿಯನ್ನು ಹೊಸದಾಗಿ ಮಾಡಬಹುದು. ವರ್ಷವರ್ಷದ ಗುಂಡಿ ಮುಚ್ಚುವ ಕೆಲಸ ಊರಿನ ಸ್ವಂತ ದುಡ್ಡಿನದು. ನಗರಸಭೆಗೆ ಕಟ್ಟಡ ಕಟ್ಟುವಂತಿಲ್ಲ. ಗಾಲಿಕುರ್ಚಿಯವರು ಒಳಗೆ ಬರಲು ಅದೇ ಕಟ್ಟಡಕ್ಕೆ ಇಳಿಜಾರು ಮಾಡಿಸಬಹುದು. ಊಟ, ಶಿಶುಪಾಲನೆ, ಮನೆ ಕಳೆದುಕೊಂಡವರ ಆಶ್ರಯದಂಥ ಸೇವೆಗಳಿಗೆ 15 ಭಾಗದ ಮಿತಿಯಿದೆ. ಪ್ರತಿ ವರ್ಷ ಹತ್ತಾರು ಸೇವಾ ಸಂಸ್ಥೆಗಳು ಕಿತ್ತಾಡುವುದು ಈ 15 ಭಾಗಕ್ಕಾಗಿ. ಕಾಂಕ್ರೀಟಿಗೆ ಮಿತಿಯಿಲ್ಲ, ಅನ್ನಕ್ಕೆ ಮಿತಿಯಿದೆ. ಇದು ನನಗೆ ಒಪ್ಪಿಗೆಯಾಗದ ಏರ್ಪಾಡು.

ಯೋಗ್ಯ ಪರಿಸರ ಯಾರಿಗೆ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಶ್ರೀಮಂತ ವೆಸ್ಟ್‌ಚೆಸ್ಟರ್ ಕೌಂಟಿ ಈ ಅನುದಾನ ಪಡೆಯುವಾಗ, ವಸತಿಯಲ್ಲಿ ತಾರತಮ್ಯ ತೊಡೆಯಲು ದುಡಿಯುತ್ತೇವೆಂದು ವರ್ಷವರ್ಷವೂ ಪ್ರಮಾಣಪತ್ರ ಕೊಟ್ಟಿತ್ತು. ಜನಾಂಗದ ಪ್ರಶ್ನೆಯನ್ನು ಮಾತ್ರ ಪರಿಶೀಲಿಸಿಯೇ ಇರಲಿಲ್ಲ. 2009ರಲ್ಲಿ ಫೆಡರಲ್ ನ್ಯಾಯಾಲಯ ಆ ಪ್ರಮಾಣಪತ್ರಗಳು ಸುಳ್ಳೆಂದು ಹೇಳಿತು. ಅದೇ ವರ್ಷದ ರಾಜಿಯಲ್ಲಿ 750 ಕೈಗೆಟುಕುವ ಮನೆಗಳನ್ನು, ಬಹುಪಾಲು ಬಿಳಿಯರೇ ಇರುವ ಊರುಗಳಲ್ಲಿ, ನಿರ್ಮಿಸಲು ಕೌಂಟಿ ಒಪ್ಪಬೇಕಾಯಿತು.

“…ಆರ್ಥಿಕ ಅವಕಾಶಗಳನ್ನು ವಿಸ್ತರಿಸುವ ಮೂಲಕ…”

ಸಣ್ಣ ಅಂಗಡಿಗೆ ಸಾಲ, ಕಾರ್ಖಾನೆಗೆ ನೆರವು. ಹುಟ್ಟುವ ಕೆಲಸಗಳಲ್ಲಿ 51 ಭಾಗವಾದರೂ ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಎಂಬುದು ಷರತ್ತು.

“…ಮುಖ್ಯವಾಗಿ ಕಡಿಮೆ ಮತ್ತು ಮಧ್ಯಮ ಆದಾಯದ ವ್ಯಕ್ತಿಗಳಿಗಾಗಿ.”

ವಾಕ್ಯದ ಜೀವ ಇಲ್ಲಿದೆ. ಒಂದು ಪ್ರದೇಶದ ಕುಟುಂಬಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಆದಾಯದ 80 ಭಾಗದೊಳಗೆ ದುಡಿಯುವವರು ಈ ಮಿತಿಗೆ ಸೇರುತ್ತಾರೆ. 50 ಭಾಗದೊಳಗಿದ್ದರೆ ಕಡಿಮೆ ಆದಾಯದವರು.

ಮನೆ ರಿಪೇರಿಯಲ್ಲಿ ಪ್ರತಿ ಮನೆಯವರ ಆದಾಯ ನೋಡಬಹುದು. ಬೀದಿಯಲ್ಲಿ ನಡೆಯುವವರ ಆದಾಯ ನೋಡಲಾಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಆ ಬಡಾವಣೆಯ ನಿವಾಸಿಗಳಲ್ಲಿ 51 ಭಾಗ ಈ ಮಿತಿಯೊಳಗಿದ್ದರೆ ಸಾಕು. ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಉದ್ಯಾನದ ಬಳಕೆದಾರರು ಈಚೆ ನಾಲ್ಕು ಬೀದಿಯವರೇ, ಹೆದ್ದಾರಿಯಾಚೆಯ ದೊಡ್ಡ ಮನೆಗಳವರೂ ಹೌದೇ? ನಕ್ಷೆಯ ಮೇಲಿನ ಪೆನ್ಸಿಲ್ ಗೆರೆ ಸ್ವಲ್ಪ ಸರಿದರೆ ಕಾಮಗಾರಿ ಪಾಸು, ಇಲ್ಲವೇ ಫೇಲು.

“…ಒಟ್ಟು ನೆರವಿನಲ್ಲಿ 70 ಭಾಗಕ್ಕೆ ಕಡಿಮೆಯಿಲ್ಲದಷ್ಟು ಅಂಥವರಿಗೆ ಉಪಯೋಗವಾಗುವ ಕಾರ್ಯಗಳಿಗೆ ಬಳಕೆಯಾಗತಕ್ಕದ್ದು…”

ಈ ಪ್ರಮಾಣ 1974ರಲ್ಲಿ ಇರಲೇ ಇಲ್ಲ. 1983ರಲ್ಲಿ 51 ಆಯಿತು, ಆಮೇಲೆ 60, 1990ರಲ್ಲಿ 70. ಬಡವರ ಪರ ನಿಂತವರು ಒಂದೊಂದು ಮೆಟ್ಟಿಲೂ ಹೋರಾಡಿ ಪಡೆದದ್ದು ಇದು. ಉಳಿದ 30 ಭಾಗ ಶಿಥಿಲ ಪ್ರದೇಶಗಳ ಸುಧಾರಣೆಗೆ, ತುರ್ತು ಅಗತ್ಯಕ್ಕೆ ಹೋಗಬಹುದು.

ಈಗ ಹಿಂದಿನ ಲೆಕ್ಕವನ್ನು ಇದರ ಪಕ್ಕದಲ್ಲಿಡಿ. ಬಡಾವಣೆಯಲ್ಲಿ 51 ಭಾಗ ಬಡವರಿದ್ದರೆ ಅಲ್ಲಿನ ಬೀದಿಗೆ ಸುರಿದ ಪೂರ್ತಿ ಹಣವೂ ಬಡವರ ಖಾತೆಗೆ ಬರೆಯಲ್ಪಡುತ್ತದೆ. 100 ಡಾಲರಿನಲ್ಲಿ 70ನ್ನು ಇಂಥ ಬೀದಿಗಳಿಗೇ ಹಾಕಿದ ಊರೊಂದು ಕಾನೂನನ್ನು ಚಾಚೂ ತಪ್ಪದೆ ಪಾಲಿಸಿದೆ. ತಲೆವಾರು ಹಂಚಿ ನೋಡಿದರೆ ಬಡವರ ಪಾಲಿಗೆ ಬಂದದ್ದು 36 ಡಾಲರಿಗೂ ಕಡಿಮೆ. ಇದೇ ದುಡ್ಡು ಸೋರುವ ಸೂರುಗಳಿಗೆ ಹೋಗಿದ್ದರೆ 70 ಡಾಲರೂ ಅವರ ತಲೆಯ ಮೇಲೇ ನಿಲ್ಲುತ್ತಿತ್ತು. ಬೀದಿ ಬೇಗ ಮುಗಿಯುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ವರ್ಷದ ಅನುದಾನದ ಒಂದೂವರೆ ಪಟ್ಟಿಗಿಂತ ಹೆಚ್ಚು ಹಣ ಖರ್ಚಾಗದೆ ಉಳಿದರೆ ಅನುದಾನ ಕೊಡುವ ಫೆಡರಲ್ ಇಲಾಖೆಯ ಆಕ್ಷೇಪಣೆಯೂ ಬರುತ್ತದೆ. ಆದ್ದರಿಂದ ಊರುಗಳು ಬೀದಿಯ ಕಡೆ ವಾಲುವುದು ದುರುದ್ದೇಶದಿಂದಲ್ಲ. ಆದರೂ ವಾಲುತ್ತವೆ.

ಅದನ್ನು ತಡೆಯಲು ಕಾಯ್ದೆ ಇಟ್ಟಿರುವ ಜಾಗ ಸಾರ್ವಜನಿಕ ಅಹವಾಲು ಸಭೆ: ವರ್ಷಕ್ಕೆ ಕನಿಷ್ಠ ಎರಡು, ಜೊತೆಗೆ ವಾರ್ಷಿಕ ಯೋಜನೆಯ ಕರಡಿನ ಮೇಲೆ ಅಭಿಪ್ರಾಯಕ್ಕೆ 30 ದಿನ. ಕ್ಯಾಲಿಫೋರ್ನಿಯಾದ ಫ್ರಿಮಾಂಟ್, ಸನ್ನಿವೇಲ್‌ನಂಥ ಊರುಗಳು ಈ ಅನುದಾನ ಪಡೆಯುತ್ತವೆ. ಅಲ್ಲೆಲ್ಲ ಕನ್ನಡಿಗರೂ ಇದ್ದಾರೆ. ಹೋಗಿ ಕೇಳಬೇಕಾದದ್ದು ಇಷ್ಟೇ: ಈ ವರ್ಷ ಬೀದಿಗೆಷ್ಟು, ಸೂರಿಗೆಷ್ಟು, 51 ಭಾಗದ ಗೆರೆಯನ್ನು ಎಲ್ಲಿ ಎಳೆದಿದ್ದೀರಿ? ಬಂದ ಅಭಿಪ್ರಾಯಗಳ ಸಾರಾಂಶವನ್ನೂ, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂಬ ಕಾರಣವನ್ನೂ ಅಂತಿಮ ಯೋಜನೆಗೆ ಲಗತ್ತಿಸಲು ಊರು ಬದ್ಧವಾಗಿದೆ.